ಸಾರ್ ಔಟ್!



ಈ ಸಲದ ಗೋಡೆ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹುಡುಗಿಯರು ಮೂರು ದಿನದಿಂದ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಾರೆ. 'ವಿಜ್ಞಾನದ್ದು ಬೇಡ ಸಾರ್, ಅದು ಕ್ಲಾಸಲ್ಲೇ ಆಗುತ್ತೆ' ಎಂಬ ಷರತ್ತು ಬೇರೆ. ಹಾಗಾದರೆ ಏನು ಬರೆಯಲಿ ಎಂದೆ. 'ಕಬಡ್ಡಿ ಬಗ್ಗೆ ಬರೀರಿ ಸಾರ್, ನೀವು ಬಿದ್ದಿದ್ದು' ಎಂದು ಹಿಂದೆ ನಿಂತಿದ್ದವಳೊಬ್ಬಳು ಹೇಳಿ, ತಕ್ಷಣ ಬಾಯಿ ಮುಚ್ಚಿಕೊಂಡಳು. ಸರಿ, ಅದನ್ನೇ ಬರೆಯುತ್ತೇನೆ. ಊರಿಗೆಲ್ಲ ಗೊತ್ತಾಗಿರುವ ವಿಷಯಕ್ಕೆ ನಾಚಿಕೆ ಏಕೆ? ಆದರೆ ವಿಜ್ಞಾನ ಸ್ವಲ್ಪ ಬಂದೇ ಬರುತ್ತದೆ, ಸಹಿಸಿಕೊಳ್ಳಿ.

1998ರಲ್ಲಿ ನಾನು ಈ ಶಾಲೆಗೆ ಬಂದಾಗ ನನಗೆ 25 ವರ್ಷ. ಆಗ ಕಾಂಪೌಂಡ್ ಇರಲಿಲ್ಲ. ಈಗ ಸೈಕಲ್ ಸ್ಟ್ಯಾಂಡ್ ಇರುವ ಕಡೆ ಎರಡು ಹೊಂಗೆ ಮರ, ಅದರಾಚೆ ಕಬಡ್ಡಿ ಅಂಕಣ. ಕೆರೆಯಿಂದ ಗೋಡು ಹೊಡೆಸಿ, ಮರಳು ಬೆರೆಸಿ ಊರಿನ ಹುಡುಗರೇ ಮಾಡಿಕೊಂಡಿದ್ದ ಅಂಕಣ ಅದು. ನಾನು ಪಿಯುಸಿ ಓದುವಾಗ, 1990ರಲ್ಲಿ, ಬೀಜಿಂಗ್‌ನ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಕಬಡ್ಡಿಯನ್ನು ಪದಕದ ಆಟವಾಗಿ ಸೇರಿಸಿದ್ದರು. ಚಿನ್ನ ನಮ್ಮದೇ ಆಯಿತು. ಹಳ್ಳಿಯ ಆಟ ಅಂತ ಮೂಗು ಮುರಿಯುತ್ತಿದ್ದ ನಮ್ಮ ಹಾಸ್ಟೆಲಿನ ಹುಡುಗರೆಲ್ಲ ಆ ತಿಂಗಳು ಚಡ್ಡಿ ಹಾಕಿಕೊಂಡು ಅಂಕಣಕ್ಕೆ ಇಳಿದರು. ನಾನೂ ಹಾಗೇ ಇಳಿದವನು. ಇಳಿದವನು ಆಮೇಲೆ ಹತ್ತಲಿಲ್ಲ.

ನಾನು ರೈಡರ್. ನನ್ನ ಅಸ್ತ್ರ ಎಂದರೆ ಕಾಲು. ನಿಂತಂತೆಯೇ ನಿಂತು ಬಲಗಾಲನ್ನು ಫಕ್ಕನೆ ಚಾಚಿ ಎದುರಿನವನ ಪಾದದ ತುದಿ ಮುಟ್ಟುವುದು, ಮುಟ್ಟಿದ ಕ್ಷಣಕ್ಕೇ ತಿರುಗಿ ಮಧ್ಯದ ಗೆರೆಗೆ ಹಾರುವುದು. ಇಷ್ಟೇ ಬಂಡವಾಳ. ಈ ಶಾಲೆಯಲ್ಲಿ ಮೊದಲ ನಾಲ್ಕೈದು ವರ್ಷ ಇಷ್ಟೇ ಬಂಡವಾಳದಲ್ಲಿ ರಾಜನ ಹಾಗೆ ಮೆರೆದೆ. ಬೆಳಗ್ಗೆ ಓಮ್‌ನ ನಿಯಮ ಪಾಠ, ಸಂಜೆ ನಾಲ್ಕೂವರೆಗೆ ಪಂಚೆ ಬಿಚ್ಚಿ ಚಡ್ಡಿ. ಹುಡುಗರು ಏಳು ಜನ, ಈ ಕಡೆ ನಾನು ಮತ್ತು ನಮ್ಮ ಪಿ.ಟಿ. ಮೇಷ್ಟ್ರು, ಜೊತೆಗೆ ಯಾರಾದರೂ ಐದು ಜನ ಚಿಳ್ಳೆಪಿಳ್ಳೆಗಳು. ಆದರೂ ನಾವೇ ಗೆಲ್ಲುತ್ತಿದ್ದೆವು.

ಆಗ ಹೈಸ್ಕೂಲಿನಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ, ಊರಲ್ಲೇ ಇದ್ದಾನೆ, ಇದನ್ನು ಓದಿದವರು ಹೋಗಿ ಅವನಿಗೆ ಹೇಳದೆ ಇರುವುದಿಲ್ಲ. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ, ಪೂರಾ ಮೂರು ವರ್ಷ, ಅವನ ಜೀವನದ ಗುರಿ ಒಂದೇ: ಸಾರ್ ಕಾಲು ಹಿಡಿಯುವುದು. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಬಲಗಾಲನ್ನೇ ನೋಡುತ್ತಿದ್ದ. ಕ್ಲಾಸಿನಲ್ಲೂ ಬೋರ್ಡ್ ನೋಡದೆ ನನ್ನ ಕಾಲು ನೋಡುತ್ತಿದ್ದನೋ ಏನೋ, ವಿಜ್ಞಾನದಲ್ಲಿ ಅವನಿಗೆ ಬಂದ ಮಾರ್ಕ್ಸು ಹಾಗಿತ್ತು! ಒಮ್ಮೆ ಹಿಮ್ಮಡಿ ತಾಗಿತು, ಒಮ್ಮೆ ಸಾಕ್ಸ್ ಕೈಯಲ್ಲಿ ಉಳಿಯಿತು, ಕಾಲು ಮಾತ್ರ ಸಿಗಲಿಲ್ಲ. ಹಾಗೇ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ. ಈಗ ರೇಷ್ಮೆ ಬೆಳೆಯುತ್ತಾನೆ. ಅವನ ಮಗ ನಮ್ಮಲ್ಲಿ ಒಂಬತ್ತನೇ ಕ್ಲಾಸು. ಈ ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶಕ್ತಿ ಕುಂದುವುದು ಯಾವ ದಿನ ಶುರುವಾಯಿತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಕೆರೆ ಬತ್ತುವುದು ಯಾರಿಗೂ ದಿನಾ ಕಾಣುವುದಿಲ್ಲ, ಒಂದು ದಿನ ಸೋಪಾನದ ಕೊನೆಯ ಕಲ್ಲು ಕಾಣುತ್ತದೆ ಅಷ್ಟೆ. ನನಗೆ ಕಂಡ ಕೊನೆಯ ಕಲ್ಲು ಎಂದರೆ ವಾಪಸು ಬರುವುದು. ಒಳಗೆ ಹೋಗುವುದರಲ್ಲಿ ತೊಂದರೆ ಇರಲಿಲ್ಲ, ಮುಟ್ಟುವುದರಲ್ಲೂ ಇರಲಿಲ್ಲ. ತಿರುಗುವುದರಲ್ಲಿ ಇತ್ತು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ ಎಂದು ನಿಮಗೆ ಗೊತ್ತು. ಮಧ್ಯದ ಗೆರೆಯಿಂದ ಬಾಲ್ಕ್ ಲೈನಿಗೆ 3.75 ಮೀಟರ್. ನಾಲ್ಕು ಮೀಟರೂ ಇಲ್ಲ. ಈ ಸ್ಟಾಫ್ ರೂಮಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅದಕ್ಕಿಂತ ಜಾಸ್ತಿ ಇದೆ. ನನಗೆ ನಲವತ್ತು ಆಗುವ ಹೊತ್ತಿಗೆ ಆ ನಾಲ್ಕು ಮೀಟರ್ ಉದ್ದವಾಗುತ್ತಾ ಬಂತು. ಮುಟ್ಟಿದ್ದೇನೆ, ತಲೆ 'ತಿರುಗು' ಎಂದು ಹೇಳಿಯೂ ಆಗಿದೆ, ಆದರೆ ಕಾಲು ಪಕ್ಕದ ಊರಿನಲ್ಲಿರುವ ನೆಂಟನ ಹಾಗೆ, ಕಾಗದ ತಲುಪಿದ ಮೇಲೆ ನಿಧಾನವಾಗಿ ಹೊರಡುತ್ತದೆ.

ಇಲ್ಲಿ ಸ್ವಲ್ಪ ವಿಜ್ಞಾನ. (ಸಂಪಾದಕಿಯರು ಕ್ಷಮಿಸಬೇಕು.) ನಮ್ಮ ಮಾಂಸಖಂಡಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆ ಪಟಾಕಿಯಂಥದ್ದು, ಫಕ್ಕನೆ ಹೊತ್ತಿ ಬಹಳ ಬಲ ಕೊಟ್ಟು ಬೇಗ ದಣಿಯುತ್ತದೆ. ಹಾರುವುದು, ಒದೆಯುವುದು, ಗಕ್ಕನೆ ತಿರುಗುವುದು ಎಲ್ಲ ಇದರ ಕೆಲಸ. ಇನ್ನೊಂದು ಬಗೆ ಒಲೆಯ ಕೆಂಡದ ಹಾಗೆ, ನಿಧಾನ, ಆದರೆ ಬಹಳ ಹೊತ್ತು ಉರಿಯುತ್ತದೆ. ವಯಸ್ಸಾಗುತ್ತಾ ಎರಡೂ ಕಡಿಮೆಯಾಗುತ್ತವೆ, ಆದರೆ ಪಟಾಕಿ ಎಳೆಗಳು ಹೆಚ್ಚು ಸೊರಗುತ್ತವೆ. ನಂಬಿಕೆ ಬಾರದಿದ್ದರೆ ನಿಮ್ಮ ತಾತಂದಿರನ್ನು ನೋಡಿ. ಬೆಳಗ್ಗೆಯಿಂದ ಸಂಜೆತನಕ ಗದ್ದೆ ಬದುವಿನ ಮೇಲೆ ನಡೆಯುತ್ತಾರೆ, ನೀವು ಅವರ ಹಿಂದೆ ಹೋಗಲಾರಿರಿ. ಆದರೆ ಮೂರಡಿ ಕಾಲುವೆ ಎದುರು ಬಂದರೆ ಹಾರುವುದಿಲ್ಲ, ಸುತ್ತು ಹಾಕಿಕೊಂಡು ಮೋರಿ ಇರುವ ಕಡೆ ಹೋಗುತ್ತಾರೆ. ಕೆಂಡ ಉಳಿದಿದೆ, ಪಟಾಕಿ ಮುಗಿದಿದೆ.

ಇನ್ನು ಹೃದಯ. ಎಷ್ಟೇ ಓಡಿದರೂ ಹೃದಯ ಇಷ್ಟಕ್ಕಿಂತ ವೇಗವಾಗಿ ಬಡಿಯಲಾರದು ಎಂಬ ಮಿತಿಯೊಂದಿದೆ. ಅದಕ್ಕೆ ಒಂದು ಅಂದಾಜಿನ ಲೆಕ್ಕ: 220ರಿಂದ ನಿಮ್ಮ ವಯಸ್ಸನ್ನು ಕಳೆಯಿರಿ. 14 ವರ್ಷದವನಿಗೆ ನಿಮಿಷಕ್ಕೆ 206. ನನಗೆ ಈಗ 52, ಅಂದರೆ 168. ಒಂದೇ ರೈಡಿನಲ್ಲಿ ನೀವು ಆರಾಮವಾಗಿ ತಲುಪಿ ಇಳಿಯುವ ಕಡೆ ನನ್ನ ಎಂಜಿನ್ನು ಛಾವಣಿ ತಗುಲಿ ಕೂಗಾಡುತ್ತಿರುತ್ತದೆ. ಸರಿಯಾದ ನಿಯಮದ ಪ್ರಕಾರ ಒಂದು ರೈಡಿಗೆ 30 ಸೆಕೆಂಡು. ಪಿ.ಟಿ. ಮೇಷ್ಟ್ರ ಸ್ಟಾಪ್‌ವಾಚಿನಲ್ಲಿ ಒಂದೇ ಉಸಿರಿಗೆ 'ಕಬಡ್ಡಿ ಕಬಡ್ಡಿ' ಹೇಳಿ ನೋಡಿದೆ. ಮೊದಲು 30 ದಾಟುತ್ತಿತ್ತು. ಈಗ 19ಕ್ಕೆ ದನಿ ಸಣ್ಣಗಾಗಿ, 21ಕ್ಕೆ ನಿಂತಿತು. ಅದೂ ನಿಂತಲ್ಲೇ ನಿಂತು ಹೇಳಿದ್ದು, ಯಾರೂ ಅಟ್ಟಿಸಿಕೊಂಡು ಬರದೆ.

ಆಡಿದ ಮಾರನೆಯ ದಿನ ಏನೂ ಆಗುವುದಿಲ್ಲ. 'ನೋಡು, ಏನೂ ಆಗಿಲ್ಲ' ಎಂದು ಮನೆಯಲ್ಲಿ ಎದೆ ಉಬ್ಬಿಸಬಹುದು. ಅದರ ಮಾರನೆಯ ದಿನ ಗೊತ್ತಾಗುತ್ತದೆ. ನಾನು ಬೋರ್ಡಿನ ಅರ್ಧದಿಂದ ಕೆಳಕ್ಕೆ ಬರೆಯುವ ದಿನ ಯಾವುದು ಎಂದು ನೀವೆಲ್ಲ ಗಮನಿಸಿದ್ದೀರಿ, ನನಗೆ ಗೊತ್ತು. ಹಿಂದಿನ ಬೆಂಚಿನವರು 'ಸಾರ್ ಕಾಣಲ್ಲ, ಮೇಲೆ ಬರೀರಿ' ಎಂದು ಬೇಕೆಂದೇ ಕೂಗುವುದೂ ಗೊತ್ತು. ಭುಜ ಮೇಲೇಳುವುದಿಲ್ಲ ಮಕ್ಕಳೇ. ಮನೆಯಲ್ಲಿ ನೀಲಗಿರಿ ಎಣ್ಣೆ ತಿಕ್ಕುತ್ತಾ ನಮ್ಮವರು ಹೇಳುವ ಮಾತನ್ನು ಇಲ್ಲಿ ಬರೆದರೆ ಹೆಡ್ ಮೇಡಂ ಪತ್ರಿಕೆಯನ್ನು ಗೋಡೆಗೆ ಹಾಕಲು ಬಿಡುವುದಿಲ್ಲ.

ಈ ನಡುವೆ ಆಟವೇ ಬದಲಾಯಿತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಿಮ್ಮ ಬಾಯಲ್ಲಿ ಬರುವ ಮಾತುಗಳೇ ಬೇರೆ. ಡೂ ಆರ್ ಡೈ ರೈಡು, ಸೂಪರ್ ಟ್ಯಾಕಲ್ಲು, ಡುಬ್ಕಿ. ಪ್ರದೀಪ್ ನರ್ವಾಲ್ ಚೈನಿನ ಕೈಗಳ ಕೆಳಗೆ ನುಸುಳಿಕೊಂಡು ಬರುವುದನ್ನು ಟಿವಿಯಲ್ಲಿ ನೋಡಿದ ಏಳನೇ ಕ್ಲಾಸಿನವನು ಮಾರನೆಯ ದಿನ ಮಣ್ಣಿನಲ್ಲಿ ಅದನ್ನೇ ಮಾಡುತ್ತಾನೆ. ಮುಖ ಉಜ್ಜಿಕೊಂಡು ಬೀಳುತ್ತಾನೆ, ಎದ್ದು ಮತ್ತೆ ಮಾಡುತ್ತಾನೆ. ನಮ್ಮ ಕಾಲದಲ್ಲಿ ಒಂದು ಪಟ್ಟು ಕಲಿಯಬೇಕಾದರೆ ತಾಲ್ಲೂಕಿನ ಆಟಗಾರರು ಜಾತ್ರೆಯ ಪಂದ್ಯಕ್ಕೆ ಬರುವತನಕ ಕಾಯಬೇಕಿತ್ತು. ಇದಕ್ಕೆ ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದಿಲ್ಲ. ಆದರೆ ನಾಲ್ಕು ಪಾಯಿಂಟು ಬಂದ ಕೂಡಲೇ ತೊಡೆ ತಟ್ಟಿ ಮೀಸೆ ತಿರುವುವ ಚಾಳಿ ಇದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ. ಅಷ್ಟಕ್ಕೂ ಮೀಸೆಯೇ ಬಂದಿಲ್ಲ.

ಈಗ ಬಿದ್ದ ವಿಷಯ.

ಈ ಸಲದ ಶಿಕ್ಷಕರ ದಿನಾಚರಣೆಗೆ ಎಂದಿನಂತೆ ಮೇಷ್ಟ್ರುಗಳ ಟೀಮು, ಹುಡುಗರ ಟೀಮು. ನಮ್ಮ ಕಡೆ ಸಂಖ್ಯೆ ತುಂಬಲು ಇಬ್ಬರು ಹಳೇ ವಿದ್ಯಾರ್ಥಿಗಳು. ನಾನು ಮೊದಲ ರೈಡಿಗೆ ಹೋದೆ. ಕಾಲು ಚಾಚಿದೆ, ಒಬ್ಬ ಸಿಕ್ಕ. ತಿರುಗುವ ಮೊದಲು ಕೈ ಬೀಸಿದೆ, ಇನ್ನೊಬ್ಬ ಸಿಕ್ಕ. ಆರಾಮವಾಗಿ ಗೆರೆಗೆ ಬಂದೆ. ಚಪ್ಪಾಳೆಯೋ ಚಪ್ಪಾಳೆ. ಅಡುಗೆಯ ಅಮ್ಮಂದಿರೂ ಸೌಟು ಹಿಡಿದುಕೊಂಡು ಬಂದು ನೋಡಿದರು. ಎರಡನೇ ಸಲವೂ ಹಾಗೇ. ಮೂರನೇ ಸಲ ನಾನು ಬೇಕೆಂದೇ ನಿಧಾನ ಮಾಡಿದೆ. ಮೂಲೆಯವನು ನನ್ನ ಕಾಲು ಕೈಗೆ ಸಿಗುವಷ್ಟು ಹತ್ತಿರವಿದ್ದರೂ ಮುಟ್ಟಲಿಲ್ಲ, ಬಾಗಿಲು ತೆಗೆದು ದಾರಿ ಬಿಟ್ಟ ಹಾಗೆ ಪಕ್ಕಕ್ಕೆ ಸರಿದ. ಅಷ್ಟರಲ್ಲಿ ಅವರ ಕ್ಯಾಪ್ಟನ್ನು ಮೆತ್ತಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

'ಬುಡ್ರೋ, ಸಾರು ಮುಟ್ಕಂಡು ಹೋಗ್ಲಿ. ಪಾಪ.'

ಮಂಡಿ ನೋವು ನನಗೆ ಅಭ್ಯಾಸವಾಗಿದೆ. ಈ 'ಪಾಪ' ಅಭ್ಯಾಸವಾಗಿಲ್ಲ. ಹಾಫ್ ಟೈಮಿನಲ್ಲಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಾ ಬಹಳ ಯೋಚಿಸಿದೆ.

ಬಿಟ್ಟುಕೊಡುವುದು ನನಗೇನು ಹೊಸದಲ್ಲ. ಇಪ್ಪತ್ತೇಳು ವರ್ಷದಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ನಾನು ಎಷ್ಟು ಸಲ ಸಿಕ್ಕಿಬಿದ್ದಿದ್ದೇನೋ ಲೆಕ್ಕವಿಲ್ಲ. ಮಕ್ಕಳು ನಾಲ್ಕು ಜನ ಸೊಂಟಕ್ಕೆ ಜೋತುಬೀಳುತ್ತವೆ, ನಾನು 'ಅಯ್ಯೋ ಸತ್ತೆ' ಎಂದು ಕೂಗಿ ಕೂತುಬಿಡುತ್ತೇನೆ. ಅವು ಕುಣಿಯುತ್ತವೆ. ಅದರಲ್ಲಿ ನನಗೆ ಯಾವ ತಪ್ಪೂ ಕಂಡಿಲ್ಲ, ಈಗಲೂ ಕಾಣುವುದಿಲ್ಲ. ಆ ಮಗು ನಾಳೆಯೂ ಅಂಕಣಕ್ಕೆ ಬರಲಿ ಎಂದು ನಾನು ಸಿಕ್ಕಿಬೀಳುತ್ತೇನೆ. ಅದಕ್ಕೆ ಮುಂದೆ ಬೆಳೆಯುವುದಿದೆ. ಇವತ್ತು ಕೊಟ್ಟ ಒಂದು ಪಾಯಿಂಟನ್ನು ಅದು ಐದು ವರ್ಷದ ಮೇಲೆ ತಾನೇ ಗಳಿಸುತ್ತದೆ. ಆದರೆ ನನಗೆ ಬಿಟ್ಟುಕೊಟ್ಟ ಪಾಯಿಂಟು ಯಾವುದಕ್ಕೆ? ನಾನು ನಾಳೆ ಬರಲಿ ಎಂದಲ್ಲ, ಇವತ್ತು ಖುಷಿಯಾಗಿ ಮನೆಗೆ ಹೋಗಲಿ ಎಂದು. ಬಾಗಿಲವರೆಗೆ ಬಂದು ವೀಳ್ಯದೆಲೆ ಕೊಟ್ಟು ಕಳಿಸುವ ಹಾಗೆ. ಮರ್ಯಾದೆ ಏನೋ ಹೌದು. ಆದರೆ ಹೊರಡುತ್ತೇನೆ ಎಂದು ನಾನು ಹೇಳಿಯೇ ಇಲ್ಲವಲ್ಲ!

ಇನ್ನೊಂದು ಮಾತು. ನೀವು ಲೆಕ್ಕ ತಪ್ಪು ಮಾಡಿದರೆ ನಾನು 'ಪಾಪ' ಎಂದು ಸರಿ ಗುರುತು ಹಾಕಿಬಿಟ್ಟರೆ ಒಪ್ಪುತ್ತೀರಾ? ಒಪ್ಪುತ್ತೀರಿ, ಬಿಡಿ, ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ.

ಹಾಫ್ ಟೈಮ್ ಆದ ಮೇಲೆ ಅವರ ಕ್ಯಾಪ್ಟನ್ನನ್ನು ಕರೆದು ಹೇಳಿದೆ: 'ನೋಡಪ್ಪಾ, ಹಿಡಿಯೋದಾದ್ರೆ ಆಡ್ತೀನಿ. ದಾರಿ ಬಿಡೋದಾದ್ರೆ ನಾನು ಹೋಗಿ ನೆರಳಲ್ಲಿ ಕೂತ್ಕೋತೀನಿ, ನೀವು ನೀವೇ ಆಡ್ಕೊಳ್ಳಿ.' ಅವನು ತಲೆ ತಗ್ಗಿಸಿ, 'ಬಿದ್ದೋಯ್ತೀರಾ ಸಾ' ಎಂದ. 'ಬಿದ್ರೆ ಎದ್ದೇಳ್ತೀನಿ' ಎಂದೆ. ಅವನು ಹೋಗಿ ಉಳಿದವರ ಕಿವಿಯಲ್ಲಿ ಏನೋ ಹೇಳಿದ.

ಮುಂದಿನ ರೈಡಿಗೆ ಹೋದೆ. ಈ ಸಲ ಅವರ ಮುಖಗಳೇ ಬೇರೆಯಾಗಿದ್ದವು. ಬಲ ಮೂಲೆಯಲ್ಲಿ ಆ ರೇಷ್ಮೆ ಬೆಳೆಗಾರನ ಮಗ, ಅಪ್ಪ ಕೂರುತ್ತಿದ್ದ ಹಾಗೇ ಕುಕ್ಕರಗಾಲಲ್ಲಿ. ಕಾಲು ಚಾಚಿದೆ. ಚಾಚಿದ್ದು ಚೆನ್ನಾಗಿಯೇ ಇತ್ತು, ಇಪ್ಪತ್ತೈದು ವರ್ಷದ ಹಿಂದೆ ಆಗಿದ್ದರೆ ಅವನ ಕೈಗೆ ಗಾಳಿ ಸಿಗುತ್ತಿತ್ತು. ಎರಡು ಕೈಯಲ್ಲಿ ನನ್ನ ಕಣಕಾಲನ್ನು ಹಿಡಿದು ಎದೆಗೆ ಅವಚಿಕೊಂಡ. ಅಷ್ಟರಲ್ಲಿ ಇನ್ನು ಮೂವರು ಮೇಲೆ ಬಂದರು. ಆಕಾಶ ಕಂಡಿತು, ಆಮೇಲೆ ಮಣ್ಣು ಕಂಡಿತು.

ಮೊಣಕೈ ತರಚಿ ರಕ್ತ ಬಂತು, ಅಷ್ಟೇ. ಆದರೆ ಇಡೀ ಮೈದಾನ ಸ್ತಬ್ಧ. ಹೆಡ್ ಮೇಡಂ 'ಯಾರೋ ಅದು? ಮೇಷ್ಟ್ರು ಅನ್ನೋದು ಬೇಡ್ವೇನ್ರೋ?' ಎಂದು ಓಡಿ ಬಂದರು. ಹುಡುಗ ದೂರ ನಿಂತು ಅಳುತ್ತಿದ್ದ. ನಾನು ಮಲಗಿದ್ದಲ್ಲಿಂದಲೇ ಕೈ ಎತ್ತಿ, ಪಾಯಿಂಟು ಬರೆಯುತ್ತಿದ್ದ ಹುಡುಗಿಗೆ ಕೂಗಿ ಹೇಳಿದೆ, 'ಸಾರ್ ಔಟ್, ಬರ್ಕೊಳ್ಳಮ್ಮಾ!' ಆಗ ನಕ್ಕರು ನೋಡಿ, ಹೆಡ್ ಮೇಡಂ ಕೂಡ.

ಅವತ್ತು ಸಂಜೆ ಅವನ ಅಪ್ಪ ಮಗನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಒಂದು ಚಿಪ್ಪು ಬಾಳೆಹಣ್ಣು ಬೇರೆ. 'ತಪ್ಪಾಯ್ತು ಸಾ, ಹುಡ್ಗ, ಗೊತ್ತಾಗ್ನಿಲ್ಲ' ಎಂದು ನಿಂತೇ ಮಾತಾಡಿದ. ತಪ್ಪೇನೂ ಆಗಿಲ್ಲ, ನಾನೇ ಹಿಡೀರಿ ಅಂದದ್ದು ಎಂದು ಹೇಳಿ ಕೂರಿಸಿದೆ. ಕಾಫಿ ಕುಡಿದ. ಮಳೆ, ಹಿಪ್ಪುನೇರಳೆ ಸೊಪ್ಪಿನ ರೋಗ, ಗೂಡಿನ ರೇಟು ಎಲ್ಲ ಮಾತಾಡಿದ. ಹೊರಡಲು ಎದ್ದ. ಮಗ ಮುಂದೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ನನ್ನ ಹತ್ತಿರಕ್ಕೆ ಬಂದು ದನಿ ತಗ್ಗಿಸಿ ಕೇಳಿದ:

'ಆಂಕಲ್ಲೇ ಹಿಡುದ್ನಾ ಸಾ?'

'ಹೂಂ, ಆಂಕಲ್ಲೇ.'

'ಬಲಗಾಲಾ?'

'ಬಲಗಾಲೇ ಕಣಪ್ಪಾ.'

ಏನೂ ಮಾತಾಡಲಿಲ್ಲ. ಆದರೆ ಗೇಟಿನ ಹತ್ತಿರ ಹೋದ ಮೇಲೆ ಮಗನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಿದ್ದು ಕಂಡಿತು. ಸಿಟ್ಟಿನ ಗುದ್ದಲ್ಲ ಅದು.

ನಮ್ಮ ಪಿ.ಟಿ. ಮೇಷ್ಟ್ರು ಮಾರನೆಯ ದಿನ ನನ್ನ ಕೈಗೆ ಒಂದು ಸೀಟಿ ಕೊಟ್ಟು, 'ಇನ್ಮೇಲೆ ರೆಫರಿ ಆಗಿ ಸಾರ್' ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಸೀಟಿಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಬೇಕಾಗುತ್ತದೆ. ನಿವೃತ್ತಿಗೆ ಇನ್ನೂ ಎಂಟು ವರ್ಷ ಇದೆ, ಅಷ್ಟರಲ್ಲಿ ಯಾವತ್ತಾದರೂ ಅದನ್ನು ತೆಗೆಯುವ ದಿನ ಬಂದೇ ಬರುತ್ತದೆ. ಸದ್ಯಕ್ಕೆ ನಾನು ಬೇರೆ ದಾರಿ ಹಿಡಿದಿದ್ದೇನೆ. ರೈಡ್ ಮಾಡುವುದನ್ನು ಬಿಟ್ಟೆ. ಮೂಲೆಗೆ ಬಂದು ನಿಂತೆ.

ಇದಕ್ಕೆ ಧೈರ್ಯ ಕೊಟ್ಟವರು ತಮಿಳುನಾಡಿನ ಧರ್ಮರಾಜ್ ಚೇರಲಾತನ್. 1975ರಲ್ಲಿ ಹುಟ್ಟಿದವರು, ನನಗಿಂತ ಎರಡೇ ವರ್ಷ ಚಿಕ್ಕವರು. 2016ರಲ್ಲಿ ಪಟ್ನಾ ಪೈರೇಟ್ಸ್ ತಂಡದ ನಾಯಕರಾಗಿ ಪ್ರೊ ಕಬಡ್ಡಿ ಗೆದ್ದಾಗ ಅವರಿಗೆ ನಲವತ್ತು ದಾಟಿತ್ತು. 2019ರಲ್ಲೂ ಆಡಿದರು. ಎದುರು ಬರುವ ರೈಡರ್‌ಗಳು ಅವರ ಅರ್ಧ ವಯಸ್ಸಿನವರು. ಅವರು ಆಡುತ್ತಿದ್ದದ್ದು ಮೂಲೆಯಲ್ಲಿ, ಹಿಡಿಯುತ್ತಿದ್ದದ್ದು ಕಣಕಾಲು. ನಮ್ಮ ಕೊಡಗಿನ ರೋಹನ್ ಬೋಪಣ್ಣನವರ ವಿಷಯವೂ ನಿಮಗೆ ಗೊತ್ತಿರಬೇಕು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಡಬಲ್ಸ್ ಗೆದ್ದರು. ಸವೆದ ಮಂಡಿಗೆ ಅವರು ಮಾಡಿಕೊಂಡಿದ್ದು ಅಯ್ಯಂಗಾರ್ ಯೋಗ. ನಾನು ಅವರಲ್ಲ, ಅವರ ಹತ್ತಿರಕ್ಕೂ ಇಲ್ಲ, ಮೇಷ್ಟ್ರು ಕೊಚ್ಚಿಕೊಳ್ಳುತ್ತಾರೆ ಎನ್ನಬೇಡಿ. ಅವರಿಬ್ಬರೂ ತಮ್ಮ ದೇಹಕ್ಕೆ ಒಗ್ಗುವ ಜಾಗ ಹುಡುಕಿಕೊಂಡರು ಎನ್ನುವುದಷ್ಟೇ ನನಗೆ ಬೇಕಾಗಿದ್ದು.

ಮೂಲೆಯಲ್ಲಿ ಪಟಾಕಿ ಕಡಿಮೆ ಸಾಕು. ಓಡುವವನು ಅವನು, ಕಾಯುವವನು ನಾನು. ರೈಡರ್ ಕಣ್ಣಿನಲ್ಲಿ ಸುಳ್ಳು ಹೇಳುತ್ತಾನೆ, ಕೈಯಲ್ಲಿ ಹೇಳುತ್ತಾನೆ, ಪಾದದಲ್ಲೂ ಹೇಳುತ್ತಾನೆ. ಸೊಂಟದಲ್ಲಿ ಹೇಳಲಾರ. ಯಾವ ಕಡೆ ಹೋಗಬೇಕೋ ಆ ಕಡೆಗೆ ಸೊಂಟ ಮೊದಲು ವಾಲುತ್ತದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ, ಇಷ್ಟು ವರ್ಷ ರೈಡರ್ ಆಗಿ ಸುಳ್ಳು ಹೇಳಿ ಹೇಳಿ ಕಲಿತದ್ದು. ಹೋದ ವಾರ ಹತ್ತನೇ ಕ್ಲಾಸಿನ ಕ್ಯಾಪ್ಟನ್ನು, ಅದೇ 'ಪಾಪ' ಎಂದವನು, ರೈಡಿಗೆ ಬಂದ. ಮೂರು ಸಲ ಬಂದಿದ್ದರಲ್ಲಿ ಎರಡು ಸಲ ನನ್ನ ಕೈ ತಪ್ಪಿಸಿಕೊಂಡ. ಮೂರನೇ ಸಲ ಸಿಕ್ಕ. ಎದ್ದು ಮಣ್ಣು ಒದರಿಕೊಂಡು, 'ಎಂಗ್ ಗೊತ್ತಾಯ್ತು ಸಾ ನಿಮ್ಗೆ?' ಎಂದು ನಿಜವಾಗಿಯೂ ಬೆರಗಾಗಿ ಕೇಳಿದ. ಅವತ್ತು ಹೇಳಲಿಲ್ಲ. ಈಗ ಇಲ್ಲಿ ಬರೆದುಬಿಟ್ಟೆ, ಇನ್ನು ಮೇಲೆ ಅವನೂ ಸೊಂಟ ಕಾಯ್ದುಕೊಳ್ಳುತ್ತಾನೆ, ನನಗೆ ನಷ್ಟ. ಹುಡುಗಿಯರ ಟೀಮಿನವರಿಗೆ ಮಾತ್ರ ಇದನ್ನು ಮೊದಲೇ ಹೇಳಿಕೊಟ್ಟಿದ್ದೆ. ಹೋಬಳಿ ಮಟ್ಟದಲ್ಲಿ ಅವರ ಎಡ ಮೂಲೆಯವಳು ಏನು ಮಾಡಿದಳು ಎಂದು ನೋಡಿದವರಿಗೆ ಗೊತ್ತು.

ಹಾಗಂತ ಎಲ್ಲಾ ಸರಿಹೋಯಿತು ಎಂದಲ್ಲ. ಕೂತು ಏಳುವುದಕ್ಕೆ ಮಂಡಿ ಕಟಕಟ ಎನ್ನುತ್ತದೆ, ಆ ಸದ್ದಿಗೇ ರೈಡರ್ ಎಚ್ಚರವಾಗುತ್ತಾನೆ. ರಾತ್ರಿ ಕನಸಿನಲ್ಲಿ ಈಗಲೂ ನಾನು ರೈಡೇ ಮಾಡುವುದು. ಕಾಲು ಚಾಚುತ್ತೇನೆ, ತಿರುಗುತ್ತೇನೆ, ಹಗುರವಾಗಿ ಗೆರೆ ದಾಟುತ್ತೇನೆ. ಎಚ್ಚರವಾದಾಗ ಪಾದದ ನರ ಹಿಡಿದುಕೊಂಡಿರುತ್ತದೆ.

ಈ ಶನಿವಾರ ಬೆಳಗಿನ ಕ್ಲಾಸ್ ಬಿಟ್ಟ ಮೇಲೆ ಅಂಕಣದ ಕೆಲಸ ಇದೆ. ಮಳೆಗೆ ಗೆರೆ ಎಲ್ಲ ಅಳಿಸಿಹೋಗಿದೆ, ಎಂಟನೇ ಕ್ಲಾಸಿನವರು ಸುಣ್ಣದ ಪುಡಿ ತನ್ನಿ, ಸಿಗದಿದ್ದರೆ ಒಲೆ ಬೂದಿಯಾದರೂ ಆದೀತು. ಎರಡು ಟೀಮು ಬೆರೆಸಿ ಆಡೋಣ. ನಮ್ಮ ಟೀಮಿನಲ್ಲಿ ಬಲ ಮೂಲೆಗೆ ಒಂಬತ್ತನೇ ಕ್ಲಾಸಿನ ಆ ಹುಡುಗ, ಎಡ ಮೂಲೆಗೆ ನಾನು. ಎಡ ಮೂಲೆಯಲ್ಲಿ ಒಂದು ಕಲ್ಲು ಎದ್ದು ಕೂತಿದೆ, ಯಾರ ಮನೆಯಲ್ಲಾದರೂ ಹಾರೆ ಇದ್ದರೆ ಮರೆಯದೆ ತನ್ನಿ.

ನಿಮ್ಮ ವಿಜ್ಞಾನ ಮೇಷ್ಟ್ರು